ವಾಸಿ ಎಂದರೆ ಎಷ್ಟು ವಾಸಿ?

ರೋಗ ಬಿಟ್ಟುಹೋದದ್ದನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಧಾರವಾಡದ ಕಡೆಯವರು ‘ಆರಾಮ ಆತ್ರಿ’ ಎನ್ನುತ್ತಾರೆ, ಮೈಸೂರು ಮಂಡ್ಯದ ಕಡೆ ‘ಹುಷಾರಾದ’ ಎನ್ನುತ್ತಾರೆ, ಕರಾವಳಿಯಲ್ಲಿ ‘ಗುಣ ಆಯಿತು’ ಎಂಬುದು ಹೆಚ್ಚಾಗಿ ಕಿವಿಗೆ ಬೀಳುತ್ತದೆ, ಇವೆಲ್ಲದರ ನಡುವೆ ಬರಹದಲ್ಲೂ ಬಾಯಲ್ಲೂ ಸಲೀಸಾಗಿ ಓಡಾಡಿಕೊಂಡು ‘ವಾಸಿಯಾಯಿತು’ ಇದ್ದೇ ಇದೆ. ಆರಾಮವೂ ಹುಷಾರೂ ಪಾರಸಿಯಿಂದ ಬಂದವು. ಒಂದು ವಿಶ್ರಾಂತಿ, ಇನ್ನೊಂದು ಹೋಶು, ಅಂದರೆ ಎಚ್ಚರ. ಗುಣ ಸಂಸ್ಕೃತದ್ದು, ಹಗ್ಗದ ಎಳೆಯಿಂದ ಹೊರಟು ಸ್ವಭಾವಕ್ಕೆ, ಸ್ವಭಾವದಿಂದ ಒಳ್ಳೆಯ ಸ್ವಭಾವಕ್ಕೆ, ಅಲ್ಲಿಂದ ನಮ್ಮ ನುಡಿಗಳಲ್ಲಿ ಔಷಧದ ಫಲಕ್ಕೆ ಬಂದು ನಿಂತಿತು. ವಾಸಿಯದು ಬೇರೆಯೇ ದಾರಿ. ಅದು ತೆಂಕಣ ನುಡಿಗಳ ಓಣಿಗಳಲ್ಲೇ ಸುತ್ತಾಡಿ, ಒಂದೊಂದು ಮನೆಯಲ್ಲಿ ಒಂದೊಂದು ಮುಖ ತೋರಿಸಿ, ಕನ್ನಡದಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಂದಿದೆ. ಅದರ ಬೆನ್ನು ಹತ್ತೋಣ. ಒರೆಗಲ್ಲಾಗಿ ಒಂದು ಕಾಯಿಲೆಯನ್ನೂ ಜೊತೆಗಿಟ್ಟುಕೊಳ್ಳೋಣ. ಅದರ ಹೆಸರು ಸಾರ್ಕಾಯ್ಡೋಸಿಸ್, ಶ್ವಾಸಕೋಶ, ಚರ್ಮ ಮುಂತಾದ ಕಡೆ ಸಣ್ಣ ಗಂಟು ಕಟ್ಟುವ ಕಾಯಿಲೆ.

ಈ ಕಾಯಿಲೆಯೇ ಏಕೆಂದರೆ, ‘ಇದು ವಾಸಿಯಾಗುತ್ತಾ ಡಾಕ್ಟ್ರೇ?’ ಎಂಬ ಪ್ರಶ್ನೆಗೆ ಟೈಫಾಯ್ಡಿನಲ್ಲಿ ಹೌದೆನ್ನಬಹುದು, ಸಕ್ಕರೆ ಕಾಯಿಲೆಯಲ್ಲಿ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎನ್ನಬಹುದು. ಸಾರ್ಕಾಯ್ಡೋಸಿಸ್‌ನಲ್ಲಿ ಮಾತ್ರ ವೈದ್ಯರು ಆಗುತ್ತದೆ, ತಾನಾಗಿಯೇ ಆದರೂ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ, ಆದ ಮೇಲೂ ಬಂದು ತೋರಿಸುತ್ತಿರಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ಕೇಳಿದವರಿಗೆ ಇದು ಜಾರಿಕೆಯ ಉತ್ತರದಂತೆ ಕಾಣುತ್ತದೆ. ಜಾರಿಕೆಯಲ್ಲ. ವಾಸಿ ಎಂಬ ಮಾತಿನ ಹಳೆಯ ಅರ್ಥಗಳನ್ನು ಒಮ್ಮೆ ತಿರುವಿ ಹಾಕಿದರೆ ಆ ಉತ್ತರವೇ ಪದಕ್ಕೆ ಹೆಚ್ಚು ನಿಷ್ಠವಾದದ್ದು ಎಂದು ತೋರೀತು.

ದಿನವೂ ಆಡುವ ಬಳಕೆಗಳನ್ನೇ ಮೊದಲು ರಾಶಿ ಹಾಕಿಕೊಳ್ಳೋಣ. ‘ಜ್ವರ ವಾಸಿಯಾಯಿತು’, ‘ಗಾಯ ವಾಸಿಯಾಗಿದೆ’, ‘ವಾಸಿಯಾಗದ ಹುಣ್ಣು’: ಇದು ಒಂದು ಬಗೆ. ‘ಅವನಿಗಿಂತ ಇವನೇ ವಾಸಿ’, ‘ಮಾತಾಡುವುದಕ್ಕಿಂತ ಸುಮ್ಮನಿರುವುದೇ ವಾಸಿ’, ‘ಹೋದ ವರ್ಷಕ್ಕೆ ಹೋಲಿಸಿದರೆ ಮಳೆ ಎಷ್ಟೋ ವಾಸಿ’: ಇಲ್ಲಿ ರೋಗದ ಸುಳಿವೇ ಇಲ್ಲ, ಎರಡನ್ನು ತೂಗಿ ಒಂದನ್ನು ಮೇಲೆಂದು ಹೇಳುವುದಷ್ಟೇ ಇದೆ. ‘ಮುಕ್ಕಾಲುವಾಸಿ ಕೆಲಸ ಮುಗಿಯಿತು’, ‘ಅರ್ಧವಾಸಿ ಜನ ಬಂದೇ ಇಲ್ಲ’: ಇಲ್ಲಿ ಮೇಲು ಕೀಳೂ ಇಲ್ಲ, ಪಾಲು ಮಾತ್ರ. ಇನ್ನು ಕುಮಾರವ್ಯಾಸನನ್ನು ಓದಿದವರಿಗೆ ರಣರಂಗದಲ್ಲಿ ಎದುರಾಗುವ ವಾಸಿ ನೆನಪಾಗಬೇಕು; ಅಲ್ಲಿ ಅದು ಪಂತ, ಮಾನ, ತಾನೇ ಹೆಚ್ಚೆಂಬ ಬಿರುದು. ವಾಸಿಗೆ ಬಿದ್ದು ಕಾದುವವನು ಚಿಕಿತ್ಸೆಗೆ ಹೊರಟವನಲ್ಲ, ಹೆಚ್ಚು ಕಡಿಮೆ ಇತ್ಯರ್ಥ ಮಾಡಲು ಹೊರಟವನು.

ನೆರೆಮನೆಗಳನ್ನೂ ಇಣುಕೋಣ. ತಮಿಳಿನಲ್ಲಿ ವಾಸಿ ಎಂದರೆ ಅಂತರ, ಭೇದ. ಅವರ ‘ಮುಕ್ಕಾಲ್‌ವಾಸಿ’ಗೂ ನಮ್ಮ ಮುಕ್ಕಾಲುವಾಸಿಗೂ ಕೂದಲೆಳೆಯಷ್ಟೂ ಅಂತರವಿಲ್ಲ. ಮಲಯಾಳದಲ್ಲಿ ಅದೇ ‘ವಾಶಿ’ಯಾಗಿ ಹಠ, ಛಲ, ಪಟ್ಟು ಎಂದಾಗಿದೆ, ಮಗು ಆಟಿಕೆಗಾಗಿ ಹಿಡಿಯುವುದು ವಾಶಿ. ನಮ್ಮ ನಡುಗನ್ನಡದ ಪಂತದ ವಾಸಿ ಅಲ್ಲಿ ಮಲಯಾಳಿ ಮನೆಯ ಅಂಗಳದಲ್ಲಿ ಇನ್ನೂ ಆಡುತ್ತಿದೆ. ಎಲ್ಲಕ್ಕಿಂತ ಸೊಗಸಾದದ್ದು ತಮಿಳಿನ ನಾಣ್ಯದ ವಾಸಿ. ಏಳನೆಯ ಶತಮಾನದ ಶೈವಕವಿ ಸಂಬಂಧರ್ ತಿರುವೀಳಿಮಿಳಲೈ ಎಂಬ ಊರಿನಲ್ಲಿ ಹಾಡಿದ ಪದಿಗವೊಂದರ ಕಥೆ ಇದು: ಬರಗಾಲದಲ್ಲಿ ಶಿವನು ಇನ್ನೊಬ್ಬ ಶೈವಕವಿ ಅಪ್ಪರ್‌ಗೂ ಸಂಬಂಧರ್‌ಗೂ ದಿನಕ್ಕೊಂದು ಚಿನ್ನದ ಕಾಸು ಕೊಡುತ್ತಿದ್ದನಂತೆ; ಅಪ್ಪರ್‌ರ ಕಾಸು ಪೇಟೆಯಲ್ಲಿ ಪೂರ್ಣ ಬೆಲೆಗೆ ನಡೆಯುತ್ತಿತ್ತು, ಸಂಬಂಧರ್‌ರ ಕಾಸಿಗೆ ವ್ಯಾಪಾರಿಗಳು ವಾಸಿ ಮುರಿದುಕೊಳ್ಳುತ್ತಿದ್ದರು. ವಾಸಿಯಿಲ್ಲದ ಕಾಸು ಕೊಡು ಎಂದು ಅವರು ದೇವರನ್ನೇ ಕೇಳಿದರು. ಅಂದರೆ ಮುಖಬೆಲೆಗೂ ನಿಜಬೆಲೆಗೂ ನಡುವಿನ ವ್ಯತ್ಯಾಸವೇ ಅಲ್ಲಿ ವಾಸಿ.

ಇಷ್ಟನ್ನು ಒಂದೆಡೆ ಇಟ್ಟು ನೋಡಿದರೆ ನನಗೆ ತೋರುವ ದಾರಿ ಹೀಗಿದೆ. ಮೊದಲು ಅಂತರ, ಅಂತರದಿಂದ ಒಂದು ಕಡೆಗೆ ಪಾಲು, ಇನ್ನೊಂದು ಕಡೆಗೆ ಹೆಚ್ಚುಗಾರಿಕೆ, ಹೆಚ್ಚುಗಾರಿಕೆಯಿಂದ ಒಂದು ಕವಲು ಪಂತಕ್ಕೆ, ಹಠಕ್ಕೆ ಹೋಯಿತು, ಮತ್ತೊಂದು ‘ಇದಕ್ಕಿಂತ ಅದು ಮೇಲು’ ಎಂಬ ಹೋಲಿಕೆಗೆ, ಹೋಲಿಕೆಯ ವಾಸಿಯನ್ನು ರೋಗಿಯ ಮಂಚದ ಪಕ್ಕದಲ್ಲಿ ನಿಂತು ‘ನಿನ್ನೆಗಿಂತ ವಾಸಿ’ ಎಂದು ಆಡಿ ಆಡಿ, ನಿನ್ನೆ ಎಂಬುದು ಉದುರಿಹೋಗಿ, ಬರಿಯ ‘ವಾಸಿ’ಯೇ ರೋಗಮುಕ್ತಿಗೆ ಹೆಸರಾಯಿತು. ಇದಕ್ಕೆ ನಮ್ಮ ನಾಲಗೆಯೇ ಸಾಕ್ಷಿ: ‘ಪೂರ್ತಿ ವಾಸಿಯಾಯಿತಾ?’ ಎಂದು ಕೇಳುತ್ತೇವಲ್ಲ, ವಾಸಿಯೊಳಗೇ ಪೂರ್ತಿ ಎಂಬುದು ಇದ್ದಿದ್ದರೆ ಅದನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿರಲಿಲ್ಲ. ಸಂಸ್ಕೃತದ ವಾಸಿಯನ್ನು, ಎಂದರೆ ನಿವಾಸಿ, ಅನಿವಾಸಿ, ವನವಾಸಿಗಳಲ್ಲಿರುವ ‘ವಾಸಿಸುವವನು’ ಎಂಬುದನ್ನು, ಇದರೊಡನೆ ಬೆರೆಸಬಾರದು, ಎರಡಕ್ಕೂ ರಕ್ತಸಂಬಂಧವಿಲ್ಲ. ಆದರೂ ಕೆಲವು ಕಾಯಿಲೆಗಳು ಈ ವಾಸಿಯಾಗದೆ ಆ ವಾಸಿಯಾಗಿ ಮೈಯಲ್ಲೇ ಮನೆ ಮಾಡಿಬಿಡುತ್ತವೆ ಎಂಬ ಕುಚೋದ್ಯವನ್ನು ಪದಪ್ರಿಯರಾದ ನಾವು ತಡೆದುಕೊಳ್ಳುವುದು ಕಷ್ಟ.

ಇನ್ನು ಕಾಯಿಲೆಯ ಹೆಸರಿಗೆ ಬರೋಣ. ಗ್ರೀಕಿನ ಸಾರ್ಕ್ಸ್, ಷಷ್ಠಿಯಲ್ಲಿ ಸಾರ್ಕೋಸ್, ಎಂದರೆ ಮಾಂಸ. ಆ ಬೇರಿನಿಂದ ಹುಟ್ಟಿದ ಸಂತತಿ ವಿಚಿತ್ರವಾದದ್ದು. ಆಸೊಸ್ ಎಂಬ ಊರಿನ ಕಲ್ಲಿನಲ್ಲಿ ಕಡೆದ ಶವಪೆಟ್ಟಿಗೆ ಹೆಣದ ಮಾಂಸವನ್ನು ಬೇಗ ಅರಗಿಸುತ್ತದೆಂದು ನಂಬಿದ ಪ್ರಾಚೀನರು ಅದನ್ನು ಮಾಂಸಭಕ್ಷಕ ಎಂದರು, ಅದೇ ಸಾರ್ಕೋಫೇಗಸ್. ಮಾಂಸ ಹರಿಯುವಂತೆ ಆಡುವ ಮಾತು ಸಾರ್ಕ್ಯಾಸಂ. ನಮ್ಮ ಚುಚ್ಚುಮಾತು ಬರಿದೇ ಚುಚ್ಚುತ್ತದೆ, ಗ್ರೀಕರದು ಹರಿದು ತಿನ್ನುತ್ತದೆ. ಮಾಂಸದಂತೆ ಬೆಳೆದ ಗಡ್ಡೆ ಸಾರ್ಕೋಮ. ಇದು ಕ್ಯಾನ್ಸರಿನ ಒಂದು ಬಗೆ. 1899ರಲ್ಲಿ ಕ್ರಿಸ್ತಿಯಾನಿಯಾದ, ಅಂದರೆ ಇಂದಿನ ಓಸ್ಲೋದ, ಚರ್ಮವೈದ್ಯ ಸೀಸರ್ ಬೋಕ್ ಒಬ್ಬ ಪೊಲೀಸಿನವನ ಚರ್ಮದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇವು ಸಾರ್ಕೋಮದ ಹಾಗಿವೆ, ಆದರೆ ಕೊಲ್ಲುವಂಥವಲ್ಲ ಎಂದು ತೀರ್ಮಾನಿಸಿ, ‘ಚರ್ಮದ ಸೌಮ್ಯ ಬಹು ಸಾರ್ಕಾಯ್ಡ್’ ಎಂಬ ಹೆಸರಿಟ್ಟ. ಆಯ್ಡ್ ಎಂದರೆ ಗ್ರೀಕಿನ ಐಡೋಸ್, ರೂಪ. ಸಂಸ್ಕೃತದಲ್ಲಾದರೆ ‘ಕಲ್ಪ’, ‘ಆಭ’, ‘ಸದೃಶ’ ಎನ್ನಬಹುದಾದ ಬಾಲ. ಹೋಲಿಕೆ ತಪ್ಪಾಗಿತ್ತು, ಆ ಗಂಟುಗಳಿಗೂ ಸಾರ್ಕೋಮಕ್ಕೂ ನಂಟಿಲ್ಲ. ಹೆಸರು ಮಾತ್ರ ಉಳಿಯಿತು.

ಬೋಕ್‌ಗಿಂತ ಮೊದಲೇ ಇದನ್ನು ಕಂಡವರಿದ್ದರು. ಲಂಡನ್ನಿನ ಜೊನಾಥನ್ ಹಚಿನ್ಸನ್ 1877ರಲ್ಲೇ ಕಲ್ಲಿದ್ದಲ ಕಟ್ಟೆಯ ಕೆಲಸಗಾರನೊಬ್ಬನ ಕೈಕಾಲಿನ ಕೆನ್ನೀಲಿ ಮಚ್ಚೆಗಳನ್ನು ಬಣ್ಣಿಸಿದ್ದ. ಆಮೇಲೆ 1898ರಲ್ಲಿ ಇನ್ನೊಬ್ಬ ರೋಗಿಯ ಹೆಸರನ್ನೇ ರೋಗಕ್ಕೆ ಕಟ್ಟಿ ‘ಮಾರ್ಟಿಮರನ ವ್ಯಾಧಿ’ ಎಂದ. ಪ್ಯಾರಿಸ್ಸಿನ ಬೆಸ್ನಿಯೆ 1889ರಲ್ಲಿ ಮೂಗಿನ ಮೇಲೆ ಕಾಣಿಸುವ ಬಗೆಗೆ ಲೂಪಸ್ ಪರ್ನಿಯೋ ಎಂದು ಹೆಸರಿಟ್ಟ. ಲೂಪಸ್ ತೋಳ, ಪರ್ನಿಯೋ ಚಳಿಗೆ ಊದಿದ ಚರ್ಮ. ಸ್ವೀಡನ್ನಿನ ಶೌಮನ್ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಇದು ಚರ್ಮದ ಕಾಯಿಲೆಯಷ್ಟೇ ಅಲ್ಲ, ಶ್ವಾಸಕೋಶ, ಹಾಲ್ರಸದ (ಲಿಂಫ್) ಗಂಟುಗಳು, ಮೂಳೆ, ಎಲ್ಲದರಲ್ಲೂ ಕೈಯಾಡಿಸುವ ಒಂದೇ ಕಾಯಿಲೆ ಎಂದು ಜೋಡಿಸಿ ತೋರಿಸಿದ. ಕೆಲಕಾಲ ಬೆಸ್ನಿಯೆ, ಬೋಕ್, ಶೌಮನ್ ಮೂವರ ಹೆಸರನ್ನೂ ಸಮಾಸ ಮಾಡಿ ಕರೆಯುತ್ತಿದ್ದರು. 1958ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರುವ ಹೊತ್ತಿಗೆ ಸಾರ್ಕಾಯ್ಡೋಸಿಸ್ ಎಂಬುದೇ ಗಟ್ಟಿಯಾಗಿತ್ತು. ಓಸಿಸ್ ಎಂದರೆ ಸ್ಥಿತಿ. ಮಾಂಸದಂತಿರುವುದರ ಸ್ಥಿತಿ: ಇಷ್ಟು ಹೇಳಿದರೂ ಏನೂ ಹೇಳದ ಹೆಸರು ವೈದ್ಯಕೀಯದಲ್ಲಿ ಬಹಳವಿಲ್ಲ.

ಕನ್ನಡದ ವೈದ್ಯರು ಇದನ್ನು ರೋಗಿಗೆ ಹೇಗೆ ತಿಳಿಹೇಳುತ್ತಾರೆ? ‘ಟೀಬಿ ಥರ ಇದೆ, ಆದರೆ ಟೀಬಿ ಅಲ್ಲ.’ ನೋಡಿ, ಬೋಕ್ ಮಾಡಿದ್ದನ್ನೇ ನಾವೂ ಮಾಡಿದೆವು. ಆತ ಸಾರ್ಕೋಮಕ್ಕೆ ಆಯ್ಡ್ ಹಚ್ಚಿದ, ನಾವು ಟೀಬಿಗೆ ಥರ ಹಚ್ಚಿದೆವು. ನಮ್ಮದು ಹೆಚ್ಚು ವಾಸಿ. ಎರಡು ಕಾಯಿಲೆಗಳಲ್ಲೂ ರೋಗನಿರೋಧಕ ಕಣಗಳು ಒತ್ತೊತ್ತಾಗಿ ಸೇರಿ ಸಣ್ಣ ಕಾಳುಗಳಂಥ ಗಂಟು ಕಟ್ಟುತ್ತವೆ. ಗ್ರಾನ್ಯುಲೋಮ ಎಂಬ ಹೆಸರೇ ಲ್ಯಾಟಿನ್ನಿನ ಕಾಳಿಗೆ ಗ್ರೀಕಿನ ಗಡ್ಡೆಯ ಬಾಲ ಸಿಕ್ಕಿಸಿದ್ದು. ಕ್ಷಯದ ಗಂಟಿನ ನಡು ಸಾಮಾನ್ಯವಾಗಿ ಸತ್ತು ಗಿಣ್ಣಿನಂತೆ ಮೆತ್ತಗಾಗುತ್ತದೆ, ಸಾರ್ಕಾಯ್ಡಿನದು ಹಾಗಾಗುವುದಿಲ್ಲ. ಕ್ಷಯಕ್ಕೆ ರೋಗಾಣು ಇದೆ, ಇದಕ್ಕೆ ಇಂಥದೇ ಕಾರಣವೆಂದು ಗೊತ್ತಾಗಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ ಗಂಟು, ಕೆಮ್ಮು, ತೂಕ ಇಳಿಕೆ ಎಂದರೆ ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಮೊದಲ ಊಹೆ ಅದೇ. ಹಾಗಾಗಿ ಟೀಬಿ ಮಾತ್ರೆಗಳ ಒಂದು ಸುತ್ತು ಮುಗಿಸಿ, ಗಂಟು ಹಾಗೇ ಇದೆಯೆಂದು ಬಯಾಪ್ಸಿಗೆ ಬಂದು, ಆಮೇಲೆ ಸಾರ್ಕಾಯ್ಡ್ ಎಂಬ ಹೆಸರನ್ನು ಮೊದಲ ಸಲ ಕೇಳುವವರು ಇಲ್ಲಿ ಬಹಳ ಮಂದಿ. ಈ ಎರಡನ್ನು ಬೇರ್ಪಡಿಸುವುದು ಪದಗಳ ಜಗಳವಲ್ಲ. ಸಾರ್ಕಾಯ್ಡಿನ ಮುಖ್ಯ ಔಷಧವಾದ ಸ್ಟೀರಾಯ್ಡನ್ನು ಗುರುತಿಸದ ಕ್ಷಯಕ್ಕೆ ಕೊಟ್ಟರೆ ಕ್ಷಯ ಹೊತ್ತಿಕೊಳ್ಳುತ್ತದೆ.

ಚಿಕಿತ್ಸೆಯ ಮಾತು ಬಂದಾಗ ಮೊದಲ ಅಚ್ಚರಿ, ಬಹಳ ಜನಕ್ಕೆ ಚಿಕಿತ್ಸೆಯೇ ಬೇಡ ಎಂಬುದು. ಲಂಡನ್ನಿನ ಸ್ಕ್ಯಾಡಿಂಗ್ 1961ರಲ್ಲಿ 136 ರೋಗಿಗಳನ್ನು ಐದು ವರ್ಷ ಕಂಡ ಮೇಲೆ ಬರೆದ ಲೇಖನದಲ್ಲಿ ಎದೆಯ ಎಕ್ಸ್‌ರೇಯನ್ನು ನೋಡಿ ಹಂತಗಳನ್ನು ಗುರುತಿಸಿದರು. ಗಂಟು ಮಾತ್ರ ಇದ್ದರೆ ಒಂದನೆಯದು, ಗಂಟಿನೊಡನೆ ಶ್ವಾಸಕೋಶದಲ್ಲೂ ಮಚ್ಚೆಗಳಿದ್ದರೆ ಎರಡನೆಯದು, ಮಚ್ಚೆ ಮಾತ್ರ ಇದ್ದರೆ ಮೂರನೆಯದು, ಗಾಯ ಒಣಗಿ ಗಟ್ಟಿಯಾಗಿ ನಾರುಗಟ್ಟಿದ್ದರೆ ನಾಲ್ಕನೆಯದು. ಹಂತ ಎಂಬ ಮಾತಿನಿಂದ ಮೋಸ ಹೋಗಬಾರದು; ರೋಗಿ ಇವನ್ನು ಒಂದೊಂದಾಗಿ ಹತ್ತಲೇಬೇಕೆಂದಿಲ್ಲ, ಅನೇಕರು ಮೊದಲನೆಯದರಲ್ಲೇ ಇದ್ದು ಇಳಿದುಬಿಡುತ್ತಾರೆ. ವೈದ್ಯಗ್ರಂಥಗಳು ಸಾಮಾನ್ಯವಾಗಿ ಕೊಡುವ ಲೆಕ್ಕದ ಪ್ರಕಾರ ಒಂದನೆಯ ಹಂತದಲ್ಲಿ ಶೇ. 55ರಿಂದ 90, ಎರಡನೆಯದರಲ್ಲಿ ಶೇ. 40ರಿಂದ 70, ಮೂರನೆಯದರಲ್ಲಿ ಶೇ. 10ರಿಂದ 20 ಮಂದಿಗೆ ತಾನಾಗಿಯೇ ಕರಗುತ್ತದೆ, ನಾಲ್ಕನೆಯದರಲ್ಲಿ ಕರಗುವುದಿಲ್ಲ. ಸ್ವೀಡನ್ನಿನ ಲೋಫ್‌ಗ್ರೆನ್ ಬಣ್ಣಿಸಿದ ಬಗೆಯಲ್ಲಂತೂ, ಅಂದರೆ ಜ್ವರ, ಮೊಣಕಾಲಿನಿಂದ ಕೆಳಗೆ ಕೆಂಪು ನೋಯುವ ಗಂಟುಗಳು, ಹರಡಿನ ನೋವು ಇವೆಲ್ಲ ಒಮ್ಮೆಗೇ ಅಬ್ಬರಿಸಿಕೊಂಡು ಬಂದವರಲ್ಲಿ, ಮುಕ್ಕಾಲುವಾಸಿಗೂ ಹೆಚ್ಚು ಮಂದಿ ನೋವಿನ ಮಾತ್ರೆಯಲ್ಲೇ ಪಾರಾಗುತ್ತಾರೆ. ಅಬ್ಬರದಿಂದ ಬಂದದ್ದು ಬೇಗ ಹೋಗುತ್ತದೆ, ಸದ್ದಿಲ್ಲದೆ ಬಂದದ್ದು ಕೂತುಬಿಡುತ್ತದೆ.

ಹಾಗಾದರೆ ಯಾರಿಗೆ ಔಷಧ? ಹೃದಯ, ಮಿದುಳು, ಕಣ್ಣಿಗೆ ಕೈಹಾಕಿದ್ದರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರೆ. ಉಸಿರಿನ ಅಳತೆ ಇಳಿಯುತ್ತಿದ್ದರೆ. ಮುಖದ ಚರ್ಮವನ್ನು ವಿಕಾರ ಮಾಡುತ್ತಿದ್ದರೆ. ಮೊದಲ ಔಷಧ 1950ರ ದಶಕದಿಂದಲೂ ಸ್ಟೀರಾಯ್ಡೇ, ಹೆಚ್ಚಾಗಿ ಪ್ರೆಡ್ನಿಸೊಲೋನ್. ಇಲ್ಲೂ ಆಯ್ಡ್ ಇದೆ ಎಂಬುದು ಪದಪ್ರಿಯರ ಕಣ್ಣಿಗೆ ತಪ್ಪುವುದಿಲ್ಲ: ಸ್ಟೆರಾಲ್‌ನಂಥದು ಸ್ಟೀರಾಯ್ಡ್. ಕಾಯಿಲೆಯೂ ಒಂದರ ಹಾಗಿನದು, ಮದ್ದೂ ಒಂದರ ಹಾಗಿನದು.

ಈ ಮದ್ದನ್ನು ನುಂಗುವ ರೂಪಕ್ಕೆ ನಾವಿಟ್ಟ ಹೆಸರು ಮಾತ್ರೆ. ಉತ್ತರದವರು ಗುಳಿಗೆ ಎನ್ನುತ್ತಾರೆ. ಅದು ಉಂಡೆಯ ಆಕಾರ ನೋಡಿ ಬಂದದ್ದು. ಮಾತ್ರೆ ಆಕಾರವನ್ನು ನೋಡುವುದಿಲ್ಲ. ‘ಮಾ’ ಎಂದರೆ ಅಳೆ. ಅದರಿಂದ ಮಾತ್ರಾ, ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸಿದ ನಾವೇ, ಆಯುರ್ವೇದದಲ್ಲಿ ಔಷಧದ ಪ್ರಮಾಣವೆಂದಿದ್ದ ಮಾತ್ರೆಯನ್ನು ಔಷಧಕ್ಕೇ ಹೆಸರಾಗಿಸಿಕೊಂಡೆವು; ‘ಇಷ್ಟು ಮಾತ್ರ’ ಎನ್ನುವಾಗ ಆ ಅಳತೆಯ ಎಲ್ಲೆ ಇನ್ನೂ ಕಾಣುತ್ತದೆ. ಸಾರ್ಕಾಯ್ಡಿನ ಚಿಕಿತ್ಸೆಯೆಲ್ಲ ಈ ಅಳತೆಯ ಕಥೆಯೇ. ದಿನಕ್ಕೆ 20ರಿಂದ 40 ಮಿಲಿಗ್ರಾಂ ಪ್ರೆಡ್ನಿಸೊಲೋನಿನಿಂದ ಶುರುಮಾಡಿ, ಫಲ ನೋಡಿಕೊಂಡು, ಕೆಲವು ವಾರಗಳಿಗೊಮ್ಮೆ ಇಳಿಸುತ್ತ, ಆರು ತಿಂಗಳಿಂದ ವರ್ಷ, ಕೆಲವೊಮ್ಮೆ ಇನ್ನೂ ಉದ್ದಕ್ಕೆ ಕೊಂಡೊಯ್ಯುವುದು ರೂಢಿ. ಹೆಚ್ಚು ಅಳತೆ ಕೊಟ್ಟರೆ ಹೆಚ್ಚು ವಾಸಿಯೇ? ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯವರು 86 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 40, ಇನ್ನೊಂದಕ್ಕೆ 20 ಮಿಲಿಗ್ರಾಂನಿಂದ ಆರಂಭಿಸಿ 18 ತಿಂಗಳು ನೋಡಿ, 2023ರಲ್ಲಿ ಪ್ರಕಟಿಸಿದ ಉತ್ತರ: ಇಲ್ಲ. ಮರುಕಳಿಸಿದವರು ಅಥವಾ ಚಿಕಿತ್ಸೆ ಫಲಿಸದವರು ಎರಡೂ ಗುಂಪಿನಲ್ಲಿ ಅರ್ಧಕ್ಕೆ ತುಸು ಕಡಿಮೆ. ನಮ್ಮ ನೆಲದಲ್ಲೇ ನಡೆದ ಈ ಕೆಲಸ ನಮ್ಮ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ, ಗೊತ್ತಿರಬೇಕು.

ಅಳತೆ ಇಳಿಸುವುದನ್ನು ರೋಗಿ ತಾನೇ ಮಾಡಿಕೊಳ್ಳಬಾರದು. ಮುಖ ಊದಿತು, ತೂಕ ಏರಿತು, ಸಕ್ಕರೆ ಕಾಣಿಸಿತು ಎಂದು ಹೆದರಿ, ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡನ್ನು ಒಂದೇ ದಿನ ನಿಲ್ಲಿಸಿದರೆ, ಹೊರಗಿನಿಂದ ಬರುತ್ತಿದೆಯೆಂದು ತನ್ನ ಕೆಲಸ ಬಿಟ್ಟು ಕೂತಿದ್ದ ಅಡ್ರಿನಲ್ ಗ್ರಂಥಿ ಕೂಡಲೇ ಏಳುವುದಿಲ್ಲ. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾದೀತು. ಕುತ್ತ ಎಂಬುದು ಹಳಗನ್ನಡದಲ್ಲಿ ರೋಗವೇ. ಇಂದು ಅದು ಅಪಾಯಕ್ಕೆ ಸರಿದಿದೆ. ಈ ಒಂದು ಜಾಗದಲ್ಲಿ ಎರಡೂ ಅರ್ಥ ಕೂಡುತ್ತವೆ.

ಸ್ಟೀರಾಯ್ಡಿನ ಭಾರ ಇಳಿಸಲು ಬರುವ ಜೊತೆಗಾರರಲ್ಲಿ ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ಇದನ್ನೇ ಮೊದಲ ಔಷಧವಾಗಿ ಕೊಟ್ಟರೆ ಹೇಗೆಂದು ನೆದರ್‌ಲೆಂಡ್ಸಿನ ಆಸ್ಪತ್ರೆಗಳಲ್ಲಿ 138 ಶ್ವಾಸಕೋಶದ ಸಾರ್ಕಾಯ್ಡ್ ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 24 ವಾರಗಳ ಕೊನೆಗೆ ಉಸಿರಿನ ಅಳತೆಯ ಮಟ್ಟಿಗೆ ಅದು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡಿಗಿಂತ ಹಿಂದೆ ಬೀಳಲಿಲ್ಲ. ಪ್ರೆಡ್ನಿಸೋನಿನ ಫಲ ಬೇಗ ಕಂಡಿತು, ಜೊತೆಗೆ ತೂಕವೂ ಏರಿತು, ನಿದ್ದೆಯೂ ಕೆಟ್ಟಿತು. ಮೆಥೊಟ್ರೆಕ್ಸೇಟಿನವರಿಗೆ ಓಕರಿಕೆ, ಆಯಾಸ, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು. ಎರಡರಲ್ಲಿ ಯಾವುದು ವಾಸಿ ಎಂದರೆ ಯಾರಿಗೆ ಎಂದು ಮರುಪ್ರಶ್ನೆ ಹಾಕಬೇಕು. ಒಂದು ಮಾತನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು: ಈ ಕಾಯಿಲೆಯಲ್ಲಿ ಮೆಥೊಟ್ರೆಕ್ಸೇಟ್ ನುಂಗುವುದು ವಾರಕ್ಕೊಮ್ಮೆ, ದಿನಕ್ಕೊಮ್ಮೆ ಅಲ್ಲ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಚೀಟಿಯ ಮೇಲೆ ಭಾನುವಾರವೋ ಗುರುವಾರವೋ ಕನ್ನಡದಲ್ಲೇ ದಿನದ ಹೆಸರು ಬರೆಸಿಕೊಳ್ಳುವುದು ಒಳ್ಳೆಯದು. ಇವಕ್ಕೂ ಬಗ್ಗದಿದ್ದರೆ ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಮುಂತಾದವಿವೆ. ಇನ್‌ಫ್ಲಿಕ್ಸಿಮ್ಯಾಬ್ ಹಾಕುವ ಮೊದಲು ಮೈಯಲ್ಲಿ ಕ್ಷಯ ಅಡಗಿದೆಯೇ ಎಂದು ಮತ್ತೆ ಹುಡುಕುತ್ತಾರೆ. ಎಲ್ಲಿಂದ ಹೊರಟೆವೋ ಆ ಟೀಬಿ ಇಲ್ಲೂ ಎದುರಾಯಿತು.

ಪೂರ್ತಿ ವಾಸಿಯಾಗದ, ಆದರೆ ಕೊಲ್ಲದ, ಮದ್ದು ನಡೆಯುತ್ತಿರುವಷ್ಟು ದಿನ ಸುಮ್ಮನಿದ್ದು ನಿಂತರೆ ತಲೆಯೆತ್ತುವ ಕಾಯಿಲೆಗೆ ಕನ್ನಡದ ಆಡುಮಾತಿನಲ್ಲಿ ಹೆಸರಿಲ್ಲ. ಆಯುರ್ವೇದದಲ್ಲಿ ಇದೆ: ಯಾಪ್ಯ. ಸಾಧ್ಯ, ಅಸಾಧ್ಯಗಳ ನಡುವೆ ಚರಕ ಸುಶ್ರುತರು ಕೊಟ್ಟ ಮನೆ ಅದು. ಹೋಗು ಎಂಬ ಅರ್ಥದ ‘ಯಾ’ ಧಾತುವಿನ ಪ್ರೇರಣಾರ್ಥಕದಿಂದ ಬಂದದ್ದು. ಹೋಗುವಂತೆ ಮಾಡು, ಸಾಗಿಸು. ಕಾಲಯಾಪನೆ, ಜೀವನಯಾಪನೆ ಎಂದು ನಾವು ಈಗಲೂ ಬಳಸುವುದು ಇದರ ದಾಯಾದಿಗಳನ್ನೇ. ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆಧಾರದ ಕಂಬದಂತೆ, ತಕ್ಕ ಚಿಕಿತ್ಸೆ ಯಾಪ್ಯರೋಗಿಯನ್ನು ನಿಲ್ಲಿಸಿಡುತ್ತದೆ ಎಂಬುದು ಸುಶ್ರುತದ ಹೋಲಿಕೆ. ಹಳಬರಿಗೆ ಸಾರ್ಕಾಯ್ಡ್ ಗೊತ್ತಿತ್ತು ಎಂದು ಹೇಳಲು ಇದನ್ನು ಎತ್ತುತ್ತಿಲ್ಲ. ಅಂಥ ಹುಸಿಹೆಮ್ಮೆ ಪದಗಳಿಗೂ ಒಳ್ಳೆಯದಲ್ಲ, ರೋಗಿಗಳಿಗೂ. ಚಿಕಿತ್ಸೆಯ ಗುರಿ ಯಾವಾಗಲೂ ನಿರ್ಮೂಲನೆಯೇ ಆಗಬೇಕಿಲ್ಲ, ಸಾಗಿಸುವುದೂ ಗೌರವದ ಗುರಿಯೇ ಎಂಬುದನ್ನು ಒಂದು ಪದ ಹೊತ್ತು ನಿಂತಿದೆ, ಅದು ಕನ್ನಡಕ್ಕೂ ಬರಲಿ ಎಂಬ ಆಸೆ, ಅಷ್ಟೆ.

ಇನ್ನು ಫಾಲೋಅಪ್. ಇದಕ್ಕೆ ಅನುಸರಣೆ, ಮರುಭೇಟಿ ಎಂದೆಲ್ಲ ಕಟ್ಟಿದ್ದಾರೆ. ಹಳಗನ್ನಡದ ‘ಬೆಂಬಳಿ’ಯನ್ನು ಎಬ್ಬಿಸಬಹುದೆಂದು ಒಮ್ಮೊಮ್ಮೆ ನನಗೂ ಅನಿಸುತ್ತದೆ. ಜನ ಆಡುವುದು ‘ತೋರಿಸಿಕೊಂಡು ಬರ್ತೀನಿ’ ಎಂದು. ವೈದ್ಯ ನೋಡುವುದಲ್ಲ, ನಾವು ತೋರಿಸುವುದು. ಕ್ರಿಯೆಯ ಕರ್ತೃ ರೋಗಿಯೇ. ಸಾರ್ಕಾಯ್ಡಿನಲ್ಲಿ ತೋರಿಸಬೇಕಾದದ್ದು ಬಹಳವಿದೆ. ಎದೆ ವಿಭಾಗದ ಮೂಲೆಯ ಕೋಣೆಯಲ್ಲಿ ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಬಾಯಿಗೆ ಕೊಳವೆ ಕೊಟ್ಟು, ‘ಪೂರ್ತಿ ಎಳ್ಕೊಳಿ, ಈಗ ಊದಿ, ಊದಿ, ಊದಿ, ಇನ್ನೂ ಇನ್ನೂ, ಬಿಡಬೇಡಿ’ ಎಂದು ತಂತ್ರಜ್ಞೆ ಹುರಿದುಂಬಿಸುತ್ತಿರುತ್ತಾಳೆ. ಮುಖ ಕೆಂಪೇರಿ ಕೊನೆಯ ಚೂರು ಉಸಿರೂ ಹೊರಬಿದ್ದ ಮೇಲೆ ಪರದೆಯಲ್ಲೊಂದು ಗೆರೆ ಮೂಡುತ್ತದೆ. ಅದು ಇಷ್ಟು ಲೀಟರು ಎಂಬುದಕ್ಕಿಂತ ಹೋದ ಸಲಕ್ಕಿಂತ ಎಷ್ಟು ಎಂಬುದೇ ಮುಖ್ಯ. ಮುಖಬೆಲೆಗೂ ನಿಜಬೆಲೆಗೂ ನಡುವಿನ ಆ ಹಳೆಯ ವಾಸಿ ಇದೇ. ಮುಖ ನೋಡಿದರೆ ಚೆನ್ನಾಗಿದ್ದಾನೆ, ಗೆರೆ ನೋಡಿದರೆ ಮುರಿದುಕೊಂಡಿದೆ, ಅಥವಾ ಕೆಮ್ಮುತ್ತಲೇ ಇದ್ದಾನೆ, ಗೆರೆ ಮಾತ್ರ ಮೇಲೇರಿದೆ.

ಉಸಿರಷ್ಟೇ ಅಲ್ಲ. ಕಣ್ಣಿನೊಳಗಿನ ಉರಿಯೂತ ನೋವಿಲ್ಲದೆಯೂ ದೃಷ್ಟಿಯನ್ನು ತಿನ್ನಬಲ್ಲದು, ಹಾಗಾಗಿ ತೊಂದರೆ ಇಲ್ಲದವರೂ ಆರಂಭದಲ್ಲೊಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಎದೆ ಡವಗುಟ್ಟಿದರೆ, ಕಣ್ಣು ಕತ್ತಲಿಟ್ಟು ಬಿದ್ದರೆ ಆಯಾಸವೆಂದು ತಳ್ಳಿಹಾಕದೆ ಇಸಿಜಿ ಮಾಡಿಸಬೇಕು. ಹೃದಯದ ಸಾರ್ಕಾಯ್ಡ್ ಅಪರೂಪವಾದರೂ ಹಠಾತ್ತಾಗಿ ಕೊಲ್ಲಬಲ್ಲದು. ರಕ್ತದ ಕ್ಯಾಲ್ಸಿಯಂ ನೋಡಿಸುವುದಕ್ಕೆ ವಿಶೇಷ ಕಾರಣವಿದೆ: ಗ್ರಾನ್ಯುಲೋಮದ ಕಣಗಳು ವಿಟಮಿನ್ ಡಿಯನ್ನು ಮೂತ್ರಪಿಂಡದ ಅಪ್ಪಣೆಗೆ ಕಾಯದೆ ತಾವೇ ಅದರ ಚುರುಕು ರೂಪಕ್ಕೆ ತಿರುಗಿಸುತ್ತವೆ. ಮೂಳೆನೋವೆಂದು ಹೇಳಿದೊಡನೆ ವಾರಕ್ಕೊಂದು ವಿಟಮಿನ್ ಡಿ ಪುಡಿಯ ಪೊಟ್ಟಣ ಕೊಡುವ ನಮ್ಮಲ್ಲಿ, ತನಗೆ ಸಾರ್ಕಾಯ್ಡ್ ಇದೆ ಎಂಬುದನ್ನು ರೋಗಿ ಮೊದಲೇ ಹೇಳಬೇಕು. ಇಲ್ಲವಾದರೆ ಮೂತ್ರಪಿಂಡದಲ್ಲಿ ಕಲ್ಲು, ಇನ್ನೂ ಹೆಚ್ಚಿನದು.

ಎಲ್ಲ ಅಳತೆಗಳೂ ಸರಿಯಾದ ಮೇಲೂ ಬಿಡದ ಒಂದಿದೆ, ದಣಿವು. ಎಕ್ಸ್‌ರೇ ತಿಳಿಯಾಗಿ, ಉಸಿರು ತುಂಬಿ, ರಕ್ತ ಸರಿಯಿದ್ದೂ ಮೇಲೇಳಲಾರದಂಥ ಆಯಾಸ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನೆಯವರು ಸೋಮಾರಿತನ ಎನ್ನುತ್ತಾರೆ. ಕಾಯಿಲೆ ಎಂಬ ಮಾತಿನ ಹಳೆಯ ಬರಹರೂಪ ಕಾಹಿಲೆ. ಅದರ ಹಿಂದೆ ಅರಬ್ಬಿಯ ಕಾಹಿಲ್, ಜಡ, ಸೋಮಾರಿ. ಜಡತೆಯನ್ನು ರೋಗವೆಂದೇ ಗುರುತಿಸಿ ಹೆಸರಿಟ್ಟ ನುಡಿಯವರು ರೋಗಿಯ ಜಡತೆಯನ್ನು ಬೈಯುವುದು ತರವಲ್ಲ.

ಮರುಕಳಿಸುವ ಲೆಕ್ಕದಲ್ಲೂ ವಾಸಿಗಳು ಒಂದೇ ತೂಕದವಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಔಷಧವಿಲ್ಲದೆ ತಾನಾಗಿ ವಾಸಿಯಾದವರಲ್ಲಿ ಮರುಕಳಿಸಿದ್ದು ಶೇ. 8 ಮಂದಿಗೆ, ಸ್ಟೀರಾಯ್ಡಿನಿಂದ ವಾಸಿಯಾದವರಲ್ಲಿ ಶೇ. 74 ಮಂದಿಗೆ. ಸ್ಟೀರಾಯ್ಡೇ ಕೆಟ್ಟದ್ದು ಎಂದು ಇದರಿಂದ ಅವಸರದಲ್ಲಿ ತೀರ್ಮಾನಿಸುವಂತಿಲ್ಲ. ಜೋರಾಗಿ ಇದ್ದವರಿಗೇ ಅಲ್ಲವೇ ಅದನ್ನು ಕೊಟ್ಟದ್ದು. ಆದರೆ ಮಾತ್ರೆಯಿಂದ ಬಂದ ವಾಸಿಯ ಮೇಲೆ ಕಣ್ಣಿಟ್ಟಿರಬೇಕು ಎಂಬುದು ಖಚಿತ. ಹುಷಾರು ಎಂಬ ಮಾತಿನಲ್ಲಿ ಆರೋಗ್ಯವೂ ಎಚ್ಚರವೂ ಒಟ್ಟಿಗಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೈಸೂರಿನ ಕಡೆಯ ವೈದ್ಯರು ‘ಹುಷಾರಾಗಿದ್ದೀರಿ’ ಎಂದಾಗ ಸ್ವಲ್ಪ ತಡೆದು, ಯಾವ ಅರ್ಥದಲ್ಲಿ ಎಂದು ಕೇಳಿದರೆ ತಪ್ಪಿಲ್ಲ.

ಆದ್ದರಿಂದ ಸಾರ್ಕಾಯ್ಡ್ ಇರುವ ಓದುಗರಲ್ಲಿ, ಅಥವಾ ಅಂಥವರು ಮನೆಯಲ್ಲಿರುವವರಲ್ಲಿ ಒಂದು ಬಿನ್ನಹ. ಬಯಾಪ್ಸಿಯ ಮೊದಲ ವರದಿ, ಮೊದಲ ಎಕ್ಸ್‌ರೇ, ಊದಿದ ಗೆರೆಗಳ ಹಾಳೆಗಳು, ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟುಕೊಳ್ಳಿ; ಊರು ಬದಲಾಯಿಸಿದರೆ ಅದನ್ನೂ ಕೊಂಡೊಯ್ಯಿರಿ. ಮಾತ್ರೆ ನಡೆಯುತ್ತಿರುವಾಗ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಿ. ಮಾತ್ರೆ ನಿಂತ ಮೇಲೂ ಕನಿಷ್ಠ 3 ವರ್ಷ ತೋರಿಸುತ್ತಿರಬೇಕು. ನಾಲ್ಕನೆಯ ಹಂತದವರು, ಹೃದಯಕ್ಕೋ ನರಕ್ಕೋ ತಗುಲಿದವರು ಜೀವಮಾನವಿಡೀ.